ಟೀಚರಮ್ಮನ ಸೇಬಿನ ತಿದ್ದುಪಡಿ

ಚರ್ಚಿನ ಸಂಡೇ ಸ್ಕೂಲಿನಲ್ಲಿ ನಲವತ್ತೊಂದು ವರ್ಷ ಪಾಠ ಹೇಳಿದ ಟೀಚರಮ್ಮ, ಮಂಡಿನೋವು ಹೆಚ್ಚಾಯಿತೆಂದು ಆ ಕೆಲಸ ಬಿಟ್ಟರು. ಮನೆಯಲ್ಲಿ ಕೂತರೆ ಸೊಸೆಯ ಅಡುಗೆಯಲ್ಲಿ ತಪ್ಪು ಹುಡುಕುತ್ತೇನೆಂದು ಅವರಿಗೇ ಭಯ. ಸೊಸೆಗೆ ಅದಕ್ಕಿಂತ ಹೆಚ್ಚು ಭಯ. ಹೀಗೆ ಇಬ್ಬರ ಒಪ್ಪಿಗೆಯಿಂದ, ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಅವರು ದೇವಶಾಸ್ತ್ರ ಕಾಲೇಜಿನ ಸಂಜೆ ತರಗತಿಗೆ ಸೇರಿದರು.

ಮೊದಲ ದಿನ ಒಳಗೆ ಬಂದ ಪ್ರೊಫೆಸರು ಮುಂದಿನ ಬೆಂಚು ನೋಡಿ ಸೀಮೆಸುಣ್ಣ ಕೆಳಗೆ ಬೀಳಿಸಿದರು. ಆರನೇ ವಯಸ್ಸಿನಲ್ಲಿ ಟೀಚರಮ್ಮನಿಂದ ಕಿವಿ ಹಿಂಡಿಸಿಕೊಂಡವರು ಅವರು. ತಿಳಿಯದೆಯೇ ಕೈ ಕಿವಿಗೆ ಹೋಯಿತು.

ಅಂದಿನ ಪಾಠ ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ್ದು. "ಲೋಕದ ಮೊದಲ ಹೆಂಗಸು ಹವ್ವ, ದೇವರು ಬೇಡವೆಂದರೂ ತಿಂದದ್ದು ಯಾವ ಹಣ್ಣು ಅಂತ ಮೂಲದಲ್ಲಿ ಹೇಳಿಲ್ಲ," ಎಂದರು ಪ್ರೊಫೆಸರು.

"ಸೇಬು," ಎಂದರು ಟೀಚರಮ್ಮ. "ನಾನೇ ನಿನಗೆ ಹೇಳಿಕೊಟ್ಟಿದ್ದು."

"ಹೌದು ಟೀಚರ್. ಹಾಗೇ ಬರೆದು ಇದೇ ಕಾಲೇಜಲ್ಲಿ ಮಾರ್ಕ್ಸ್ ಕಳ್ಕೊಂಡೆ."

ಮನೆಗೆ ಬಂದವರೇ ಟೀಚರಮ್ಮ ಚಪ್ಪಲಿಯನ್ನೂ ಬಿಡದೆ ಬೈಬಲ್ ತೆರೆದರು. ಸಾವಿರ ಸಲ ಓದಿದ ಪುಟ. ಮರ ಇತ್ತು, ಹಾವು ಇತ್ತು, ಹಣ್ಣೂ ಇತ್ತು. ಸೇಬು ಮಾತ್ರ ಇರಲಿಲ್ಲ. ಪ್ರತಿ ವರ್ಷ ಕರಿಹಲಗೆಯ ಮೇಲೆ ಕೆಂಪು ಸೀಮೆಸುಣ್ಣದಲ್ಲಿ ದುಂಡಗೆ ಬಿಡಿಸಿ ಬಿಡಿಸಿ, ಓದುವಾಗಲೂ ಅವರ ಕಣ್ಣಿಗೆ ಅದೇ ಕಾಣುತ್ತಿತ್ತು.

"ಹೋಗ್ಲಿ ಬಿಡಿ ಅತ್ತೆ, ಯಾವ ಹಣ್ಣಾದ್ರೇನು," ಎಂದಳು ಸೊಸೆ.

"ಅಷ್ಟೊಂದು ಮಕ್ಕಳಿಗೆ ಇಲ್ಲದ್ದನ್ನ ಹೇಳಿದೀನಲ್ಲೇ," ಎಂದು ಟೀಚರಮ್ಮ ಊಟದ ತಟ್ಟೆ ಸರಿಸಿದರು.

ಮರುದಿನ ಕೊಡೆ ಊರಿಕೊಂಡು ಹಳೆಯ ಶಿಷ್ಯರನ್ನು ಹುಡುಕಿ ಹೊರಟರು. ಅಂಚೆ ಕಚೇರಿಯಲ್ಲಿ ಇಡೀ ಸಾಲನ್ನು ಕಾಯಿಸಿ ಗುಮಾಸ್ತನಿಗೆ ತಿದ್ದುಪಡಿ ಹೇಳಿದರು. ಹಲ್ಲಿನ ಡಾಕ್ಟರು ಒಬ್ಬನ ಬಾಯಿ ತೆರೆಸಿಟ್ಟುಕೊಂಡೇ ಕೇಳಿಸಿಕೊಂಡರು. ಬಾಯಿ ತೆರೆದವನೂ ಹಳೆಯ ಶಿಷ್ಯನೇ ಆಗಿದ್ದರಿಂದ ಟೀಚರಮ್ಮನಿಗೆ ಒಂದು ನಡಿಗೆ ಉಳಿಯಿತು. ಹಣ್ಣಿನ ಅಂಗಡಿಯವಳು ತಕ್ಕಡಿ ಕೆಳಗಿಟ್ಟಳು.

"ಸೇಬು ಮಾರೋವಾಗೆಲ್ಲ ನಂಗೆ ಒಳಗೊಳಗೇ ಒಂಥರಾ ಆಗೋದು ಟೀಚರ್. ಮೊದ್ಲೇ ಹೇಳಬಾರದಿತ್ತಾ?"

"ನಂಗೂ ನಿನ್ನೆಯೇ ಗೊತ್ತಾಗಿದ್ದು ಕಣೆ."

ಟೀಚರಮ್ಮನಿಗೂ ಗೊತ್ತಿಲ್ಲದ್ದು ಇದೆ ಎಂಬ ಸುದ್ದಿ ಬೀದಿ ಬೀದಿಗೆ ಹಬ್ಬಿತು. ಜನಕ್ಕೆ ಧೈರ್ಯ ಬಂತು. ಆರು ವರ್ಷದವರಿದ್ದಾಗ ಕೇಳಲು ಹೆದರಿದ್ದ ಪ್ರಶ್ನೆಗಳನ್ನು ನಲವತ್ತು ದಾಟಿದ ಮೇಲೆ ಹೊತ್ತುಕೊಂಡು, ಗುರುವಾರ ಸಂಜೆ ಒಬ್ಬೊಬ್ಬರೇ ಅವರ ಮನೆಗೆ ಬರತೊಡಗಿದರು. ತಿಳಿದಿದ್ದಕ್ಕೆ ಅಲ್ಲೇ ಉತ್ತರ. ತಿಳಿಯದ್ದನ್ನು ಬರೆದುಕೊಂಡು ಹೋಗಿ ಶುಕ್ರವಾರ ಪ್ರೊಫೆಸರ ತಲೆ ತಿನ್ನುವುದು. ಪಾಪ, ಆ ಮನುಷ್ಯ ಗ್ರಂಥಾಲಯದಲ್ಲೇ ಮಧ್ಯಾಹ್ನದ ಊಟ ಮಾಡುವಂತಾಯಿತು.

ಒಂದು ಗುರುವಾರ ಹಲ್ಲಿನ ಡಾಕ್ಟರು ಕೇಳಿದರು: "ಲೋಕದಲ್ಲಿ ಇದ್ದಿದ್ದೇ ಅವರ ಮನೆಯವರು ಅಂದ್ಮೇಲೆ, ಹವ್ವಳ ಮಗ ಕಾಯಿನನಿಗೆ ಹೆಂಡತಿ ಎಲ್ಲಿಂದ ಬಂದ್ಲು ಟೀಚರ್? ಚಿಕ್ಕವನಿದ್ದಾಗ ಇದನ್ನೇ ಕೇಳಿದ್ದಕ್ಕೆ ಬೆಂಚಿನ ಮೇಲೆ ನಿಲ್ಸಿದ್ರಿ."

ಟೀಚರಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು.

"ಉತ್ತರ ಗೊತ್ತಿರಲಿಲ್ಲ, ಅದಕ್ಕೇ ನಿಲ್ಸಿದ್ದು. ಈಗ್ಲೂ ಗೊತ್ತಿಲ್ಲ. ಕೂತ್ಕೋ, ನಾಳೆ ಕೇಳ್ಕೊಂಡು ಬರ್ತೀನಿ."