ಗಿರಿಜಮ್ಮನವರು ಮತ್ತು ಎರಡು ಛತ್ರದ ಒಪೆರಾ

ಕಚೇರಿಯಲ್ಲಿ ಮುಖ್ಯ ಕೃತಿ ಮುಗಿದು, ಮೃದಂಗದವರು ಒಬ್ಬರೇ ನುಡಿಸುವ ತನಿ ಆವರ್ತನ ಶುರುವಾಯಿತೆಂದರೆ ಮಲ್ಲೇಶ್ವರದ ರಸಿಕರಿಗೆ ಇದ್ದಕ್ಕಿದ್ದಂತೆ ಹಸಿವಾಗುತ್ತದೆ. ಅಷ್ಟು ಹೊತ್ತು ಕಣ್ಣು ಮುಚ್ಚಿ ತಲೆದೂಗುತ್ತಿದ್ದವರು ಬೆನ್ನು ಬಗ್ಗಿಸಿ, ಸದ್ದಿಲ್ಲದೆ ಕ್ಯಾಂಟೀನಿನ ಕಡೆ ಜಾರುತ್ತಾರೆ. ನಮ್ಮ ಸಭಾದಲ್ಲಿ ಮಾತ್ರ ಅದು ನಡೆಯುತ್ತಿರಲಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು ಕಾರ್ಯದರ್ಶಿ ಗಿರಿಜಮ್ಮನವರು ನಿಂತಿರುತ್ತಿದ್ದರು. ಐದಡಿ ಮುಟ್ಟದ ಎತ್ತರ, ಹಣೆಯಲ್ಲಿ ವಿಭೂತಿ, ಇಳಕಲ್ ಸೀರೆ, ಅದರ ಕೆಳಗೆ ಬಿಳಿ ಕ್ಯಾನ್ವಾಸ್ ಶೂ.

"ಎಲ್ಲಿಗೆ?"

"ಒಂದು ಫೋನ್ ಮಾಡ್ಬೇಕಿತ್ತು..."

"ಬೋಂಡಾ ಇನ್ನೂ ಎಣ್ಣೆಗೆ ಬಿಟ್ಟಿಲ್ಲ. ನಾನೇ ಬೇಡ ಅಂದಿದೀನಿ. ಹೋಗಿ ಕೂತ್ಕೊಳ್ಳಿ. ಪಾಪ, ಅವರೊಬ್ರೇ ಬಾರಿಸ್ತಿದಾರೆ."

ಹತ್ತು ವರ್ಷದ ಹಿಂದೆ ಹೀಗೆ ಸಿಕ್ಕಿಬಿದ್ದವಳು ನಾನು. ಪಕ್ಕದ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಹೇಳುತ್ತಿದ್ದೆ. ಯಾರೋ ಕೊಟ್ಟ ಪಾಸಿನಲ್ಲಿ ಬಂದಿದ್ದೆ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಎಂದು ಸುಳ್ಳು ಹೇಳಿದೆ. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಹೆಸರೇನು?" ವೀಣಾ ಅಂದೆ. "ಹೆಸರು ವೀಣಾ, ಕಿವಿ ಮಾತ್ರ ತಗಡು. ಕಚೇರಿ ಮುಗಿದ್ಮೇಲೆ ನಿಂತಿರು. ಕುರ್ಚಿ ಮಡಿಸೋಕೆ ಜನ ಬೇಕು." ಅವತ್ತು ಮಡಿಸಲು ಶುರು ಮಾಡಿದ ಕುರ್ಚಿಗಳನ್ನು ಇವತ್ತಿಗೂ ಮಡಿಸುತ್ತಿದ್ದೇನೆ.

ಗಿರಿಜಮ್ಮನವರು ಸುಲ್ತಾನ್‌ಪೇಟೆಯ ಮಗಳು. ಅವರ ತಂದೆಗೆ ಅಲ್ಲಿ ಲಗ್ನಪತ್ರಿಕೆಯ ಅಂಗಡಿ ಇತ್ತು. ಅರಿಶಿನ ಹಚ್ಚಿದ ಕಾರ್ಡುಗಳ ನಡುವೆಯೇ ಬೆಳೆದ ಅವರಿಗೆ ಯಾವ ಆಹ್ವಾನ ಬರೆದರೂ ಮದುವೆಯ ಧಾಟಿಯೇ ಬರುತ್ತಿತ್ತು. ನಮ್ಮ ಸಭಾದ ಕಾರ್ಯಕ್ರಮದ ಪತ್ರಿಕೆ "ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಿ" ಎಂದು ಶುರುವಾಗಿ, "ನಿಮ್ಮ ಮೌನವೇ ನಮಗೆ ಉಡುಗೊರೆ" ಎಂದು ಮುಗಿಯುತ್ತಿತ್ತು. ಸ್ವತಃ ಅವರಿಗೆ ಹಾಡಲು ಬರುತ್ತಿರಲಿಲ್ಲ. "ನನ್ನ ಗಂಟಲು ಎಣ್ಣೆ ಕಾಣದ ಗಾಡಿ ಚಕ್ರ ಕಣೇ," ಎನ್ನುತ್ತಿದ್ದರು. ಆದರೆ ಕೇಳುವುದರಲ್ಲಿ ಅವರನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ವಿದ್ವಾಂಸರು ಎಲ್ಲೋ ಒಂದು ಕಡೆ ಹೆಜ್ಜೆ ತಪ್ಪಿ ಸರಿಮಾಡಿಕೊಂಡರೆ, ವಂದನಾರ್ಪಣೆಯಲ್ಲಿ ಅದನ್ನೂ ಸೇರಿಸಿ ವಂದಿಸುತ್ತಿದ್ದರು: "ಚರಣದಲ್ಲಿ ಜಾರಿದ್ರೂ ಬೀಳದೆ ನಮ್ಮನ್ನೆಲ್ಲ ಕಾಪಾಡಿದ ವಿದ್ವಾಂಸರಿಗೆ ಧನ್ಯವಾದಗಳು."

ಸಭಾದ ವರ್ಷವೆಂದರೆ ರಾಮನವಮಿಯ ಕಚೇರಿಗಳು, ಶ್ರಾವಣದ ಯುವಸಂಗೀತ, ಡಿಸೆಂಬರಿನಲ್ಲಿ ಒಂದು ದೊಡ್ಡ ಕಾರ್ಯಕ್ರಮ. ಇವೆಲ್ಲದರ ಜೊತೆಗೆ, ಪ್ರತಿ ಮಂಗಳವಾರ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಮಕ್ಕಳಿಗೆ ಹಾಡಿನ ಪಾಠ. ಎಡ್ವಿನ್ ಮೇಷ್ಟ್ರು ಹೇಳಿಕೊಡುತ್ತಿದ್ದರು, ಗಿರಿಜಮ್ಮನವರು ಕೊನೆಯ ಬೆಂಚಿನಲ್ಲಿ ಕೂತು ಕೇಳುತ್ತಿದ್ದರು. ಅದೇ ಅವರ ಕೆಲಸ. ಯಾವ ಮಗುವಿನ ದನಿ ಅಲ್ಲಿಯವರೆಗೆ ಬರಲಿಲ್ಲವೋ ಆ ಮಗುವಿನ ಹೆಸರು ಹಿಡಿದು, "ನಂಗೆ ಕೇಳಿಸ್ಲಿಲ್ಲಮ್ಮ, ಇನ್ನೊಂದ್ಸಲ," ಎನ್ನುತ್ತಿದ್ದರು. ಮಕ್ಕಳಿಗೆ ಇವರು ಅಜ್ಜಿ.

ಈ ಮಂಗಳವಾರಕ್ಕೇ ಒಂದು ವರ್ಷ ಕುತ್ತು ಬಂತು. ನಮ್ಮ ಅಧ್ಯಕ್ಷರು ರಾಜಶೇಖರಯ್ಯನವರು, ನಿವೃತ್ತ ಎಂಜಿನಿಯರು, ಶಿಸ್ತಿನ ಮನುಷ್ಯ. ಸಮಿತಿಯ ಸಭೆಯಲ್ಲಿ ನೇರವಾಗಿ ಹೇಳಿಬಿಟ್ಟರು.

"ಮಕ್ಕಳ ಕ್ಲಾಸು ಸಾಕು. ಹೋದ್ಸಲ ಹಾಲ್‌ಗೆ ಕರೆಸಿದಾಗ ಕುರ್ಚಿ ಮೇಲೆ ಹತ್ತಿ ಕುಣಿದ್ರು. ಸಂಗೀತ ಅಲ್ಲ ಅದು, ಸಂತೆ."

"ಸಂತೇಲಿ ಏನ್ ಸರ್ ತಪ್ಪು? ನಾನು ಪೇಟೇಲೇ ಬೆಳೆದಿದ್ದು," ಎಂದರು ಗಿರಿಜಮ್ಮ. ಆಮೇಲೆ ನಿಧಾನವಾಗಿ, "ಈ ಡಿಸೆಂಬರಿಗೆ ಎಡ್ವಿನ್ ಮೇಷ್ಟ್ರು ಒಪೆರಾ ಮಾಡೋಣ ಅಂತಿದಾರಲ್ಲ, ಅದರಲ್ಲಿ ಈ ಮಕ್ಕಳೇ ಹಾಡ್ತಾರೆ. ನೀವು ಮುಂದಿನ ಸಾಲಿನಲ್ಲಿ ಕೂತು ನೋಡಿ. ಚೆನ್ನಾಗಿಲ್ಲ ಅಂದ್ರೆ ಕ್ಲಾಸೂ ಬೇಡ, ನಾನೂ ಬೇಡ. ರಾಜೀನಾಮೆ ಕೊಟ್ಟು ಮನೇಲಿ ಇರ್ತೀನಿ."

ಅಧ್ಯಕ್ಷರು ಒಪ್ಪಿದರು. ಮೆಟ್ಟಿಲಿಳಿಯುವಾಗ ಗಿರಿಜಮ್ಮ ನನ್ನ ತೋಳು ಹಿಡಿದು ಕಿವಿಯಲ್ಲಿ ಕೇಳಿದರು: "ಒಪೆರಾ ಅಂದ್ರೆ ಏನೇ?"

ಅದನ್ನು ಎಡ್ವಿನ್ ಮೇಷ್ಟ್ರೇ ವಿವರಿಸಿದರು. ಚರ್ಚಿನ ಗಾಯನವೃಂದಕ್ಕೆ ಮೂವತ್ತು ವರ್ಷ ಹಾಡು ಕಲಿಸಿದ ಸಾಧು ಮನುಷ್ಯ ಅವರು. "ನಾಟಕ ಇದ್ದಂಗೆ ಮೇಡಂ. ಆದ್ರೆ ಮಾತೇ ಇಲ್ಲ. ನೀರು ಕೊಡು ಅನ್ನೋದನ್ನೂ ಹಾಡ್ಕೊಂಡೇ ಹೇಳ್ಬೇಕು."

"ನಮ್ಮತ್ತೆ ಹಂಗೇ ಹೇಳ್ತಿದ್ರು," ಎಂದರು ಗಿರಿಜಮ್ಮ.

"ಇನ್ನೊಂದು ವಿಷ್ಯ. ಮೈಕ್ ಇರಲ್ಲ. ಕೊನೇ ಸಾಲಿನ ತನಕ ಗಂಟಲೇ ಹೋಗ್ಬೇಕು. ಮಕ್ಕಳು ಗುಂಪಲ್ಲಿ ಹಾಡ್ತಾರೆ, ಸರಿ. ಆದ್ರೆ ಒಂದು ದೊಡ್ಡ ಹೆಣ್ಣು ದನಿ ಬೇಕಲ್ಲ? ಮೈಕ್ ಇಲ್ಲ ಅಂದ್ರೆ ಗಾಯಕಿಯರು ಯಾರೂ ಒಪ್ತಿಲ್ಲ."

ಗಿರಿಜಮ್ಮ ಶೂ ಲೇಸು ಬಿಗಿದುಕೊಂಡು ಎದ್ದರು. ನಮ್ಮಿಬ್ಬರನ್ನೂ ಕರೆದುಕೊಂಡು ಹೋಗಿ ನಿಲ್ಲಿಸಿದ್ದು ಎಂಟನೇ ಕ್ರಾಸಿನಲ್ಲಿ, ರತ್ನಮ್ಮನ ತರಕಾರಿ ಗಾಡಿಯ ಎದುರು. ಆಟೋ, ಬಸ್ಸು, ಹಬ್ಬದ ಹೂವಿನ ಜನ. ಅಷ್ಟರ ನಡುವೆ ರತ್ನಮ್ಮ ತಲೆ ಎತ್ತಿ, "ಎಳೇ ಬೆಂಡೆಕಾಯ್!" ಎಂದು ಕೂಗಿದಳು. ಆ 'ಎಳೇ' ಎನ್ನುವುದು ರಸ್ತೆಯ ಆಚೆ ತುದಿಯವರೆಗೆ ಹೋಗಿ ಬಂದಂತಾಯಿತು. ಎಡ್ವಿನ್ ಮೇಷ್ಟ್ರು ಕಣ್ಣು ಮುಚ್ಚಿ ನಿಂತುಬಿಟ್ಟರು.

"ಯಾಕ್ ಸ್ವಾಮಿ, ತಲೆ ಸುತ್ತು ಬಂತಾ?" ಎಂದಳು ರತ್ನಮ್ಮ ಗಾಬರಿಯಿಂದ.

ವಿಷಯ ಕೇಳಿ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ, "ಸಂಜೆ ಹೊತ್ತು ನಾನು ಹಾಡಕ್ಕೋದ್ರೆ ಯಾಪಾರ ಯಾರವ್ವಾ ನೋಡ್ಕೊಳೋದು?" ಎಂದಳು.

"ನಾನು," ಎಂದರು ಗಿರಿಜಮ್ಮ. ಹಾಗೆಯೇ ಮಾಡಿದರು ಕೂಡ. ಎರಡು ತಿಂಗಳು, ವಾರಕ್ಕೆ ಮೂರು ಸಂಜೆ, ಎಪ್ಪತ್ತಾರು ವರ್ಷದ ನಮ್ಮ ಕಾರ್ಯದರ್ಶಿ ಸ್ಟೂಲಿನ ಮೇಲೆ ಕೂತು ತರಕಾರಿ ಮಾರಿದರು. ಬೆಂಡೆಕಾಯಿಯ ತುದಿ ಮುರಿದು ನೋಡುವ ಗೃಹಿಣಿಯರಿಗೆ, "ಮುರಿದಿದ್ದೆಲ್ಲ ನಿಮ್ದೇ. ಚೀಲ ಹಿಡೀರಿ," ಎನ್ನುತ್ತಿದ್ದರು. ಅವರಲ್ಲಿ ಅರ್ಧದಷ್ಟು ಜನ ಸಭಾದ ಸದಸ್ಯರೇ. ಗುರುತು ಹಿಡಿದು ಕೈ ಹಿಂದೆಗೆದುಕೊಳ್ಳುತ್ತಿದ್ದರು.

ಒಪೆರಾಕ್ಕೆ ಕಥೆ ಕೊಟ್ಟವರೂ ಅವರೇ. ಒಂದು ಲಗ್ನಪತ್ರಿಕೆಯಲ್ಲಿ ಛತ್ರದ ವಿಳಾಸ ತಪ್ಪಾಗಿ, ಗಂಡಿನ ಕಡೆಯ ದಿಬ್ಬಣ ಬೇರೆ ಯಾರದೋ ಮದುವೆಗೆ ಹೋಗಿ ಊಟಕ್ಕೆ ಕೂರುವ ಕಥೆ. ಒಂದು ಸಂಜೆ ಗಾಡಿಯ ಪಕ್ಕ ಕೂತು ಅವರೆಕಾಯಿ ಸುಲಿಯುತ್ತಾ ನಾನು, "ಇಂಥದ್ದೆಲ್ಲ ಹೇಗೆ ಹೊಳೆಯುತ್ತೆ ನಿಮಗೆ?" ಎಂದೆ.

"ಹೊಳೆಯೋದೇನು? ನಡೆದಿದ್ದು. ಪ್ರೂಫ್ ನೋಡಿದ್ದು ನಾನೇ."

ಆಗ ಅವರಿಗೆ ಹದಿನಾರು. ಅಂಗಡಿಯಲ್ಲಿ ಅಕ್ಷರ ತಿದ್ದುವ ಕೆಲಸ ಅವರದು. ಪಕ್ಕದ ಮನೆಯ ಗೆಳತಿ ಸರೋಜಳ ಮದುವೆಯ ಪತ್ರಿಕೆ ಅವರ ಅಂಗಡಿಗೇ ಬಂತು. ಸರೋಜಳಿಗೆ ಹದಿನೇಳು. ವರನಿಗೆ ನಲವತ್ತು ದಾಟಿತ್ತು, ಮೊದಲ ಹೆಂಡತಿ ತೀರಿಕೊಂಡಿದ್ದಳು. ಸರೋಜ ಓದಬೇಕೆಂದು ಅತ್ತು ಅತ್ತು ಕಣ್ಣು ಊದಿಸಿಕೊಂಡಿದ್ದಳು. ಛತ್ರ ಗೊತ್ತು ಮಾಡಿದ್ದು ಚಾಮರಾಜಪೇಟೆಯಲ್ಲಿ, ಗಣಪತಿಯ ಹೆಸರಿನದು. ಅದೇ ಹೆಸರಿನ ಇನ್ನೊಂದು ಛತ್ರ ಮಲ್ಲೇಶ್ವರದಲ್ಲಿತ್ತು.

"ಗಂಡಿನ ಕಡೆಗೆ ಹೋಗೋ ಪತ್ರಿಕೇಲಿ ಒಂದೇ ಒಂದು ಪದ ಬದಲಾಯಿಸ್ದೆ. ಅವ್ರು ದೂರದೂರಿನವ್ರು, ಬೆಂಗಳೂರು ಕಂಡಿದ್ದೋರಲ್ಲ. ಬೆಳಗಿನ ಜಾವ ಬಸ್ಸಲ್ಲಿ ಬಂದ್ರು, ಡ್ರೈವರ್ ಕೈಗೆ ಪತ್ರಿಕೆ ಕೊಟ್ರು. ಸೀದಾ ಮಲ್ಲೇಶ್ವರ. ಅಲ್ಲೂ ಒಂದು ಮದುವೆ ನಡೀತಿತ್ತು, ಬನ್ನಿ ಬನ್ನಿ ಅಂತ ಉಪ್ಪಿಟ್ಟು ಬಡಿಸಿದ್ರು. ಇವ್ರು ಎರಡೆರಡು ಸಲ ಹಾಕಿಸ್ಕೊಂಡು ತಿಂದ್ರು. ಹುಡುಗಿ ಬೇರೆ ಅಂತ ಗೊತ್ತಾಗೋ ಹೊತ್ಗೆ ಮುಹೂರ್ತ ಮುಗಿದಿತ್ತು. ಅಪಶಕುನ ಅಂತ ವಾಪಸ್ ಹೋದ್ರು."

"ನಿಮ್ಮ ತಂದೆ?"

"ಗಿರಾಕಿಗಳ ಮುಂದೆ ಕೈ ಮುಗಿದು ನಿಂತಿದ್ರು. ಅದನ್ನ ನೋಡಕ್ಕಾಗ್ಲಿಲ್ಲ. ಆದ್ರೂ ಬಾಯಿ ಬಿಡ್ಲಿಲ್ಲ. ಮಗಳಿಗೆ ಕಣ್ಣು ಕಾಣಲ್ಲ ಅಂತ ತಿಳ್ಕೊಂಡು ಡಾಕ್ಟರ ಹತ್ರ ಕರ್ಕೊಂಡು ಹೋದ್ರು. ನಾನು ಬೋರ್ಡ್ ಮೇಲಿನ ಅಕ್ಷರ ಎಲ್ಲ ತಪ್ಪು ತಪ್ಪಾಗಿ ಓದಿದೆ. ನಾಲ್ಕು ವರ್ಷ ದಪ್ಪ ಕನ್ನಡಕ ಹಾಕ್ಕೊಂಡು ಕಂಬಕ್ಕೆಲ್ಲ ಡಿಕ್ಕಿ ಹೊಡ್ಕೊಂಡು ಓಡಾಡ್ದೆ ಕಣೇ."

ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು. ಆಮೇಲೆ ಅವರೆಕಾಯಿಯ ಕಡೆಗೇ ನೋಡುತ್ತಾ, "ಅಪ್ಪಂಗೆ ಕೊನೇವರೆಗೂ ಹೇಳ್ಲಿಲ್ಲ," ಎಂದರು. ಸರೋಜಳಿಗೆ ಹೇಳಿದಿರಾ ಎಂದು ಕೇಳಿದೆ. ಇಲ್ಲವಂತೆ. ಸರೋಜ ಓದಿ ಟೀಚರಾದಳು, ತಾನೇ ಮೆಚ್ಚಿದವನನ್ನು ಮದುವೆಯಾದಳು, ಈಗ ಬಸವನಗುಡಿಯಲ್ಲಿದ್ದಾಳೆ ಎಂದಷ್ಟೇ ಹೇಳಿದರು. ಅಷ್ಟರಲ್ಲಿ ಯಾರೋ ಬೆಂಡೆಕಾಯಿಗೆ ಕೈ ಹಾಕಿದರು. ಮಾತು ಅಲ್ಲಿಗೆ ನಿಂತಿತು.

ಒಪೆರಾ ನಡೆದದ್ದು ಡಿಸೆಂಬರಿನ ಒಂದು ಭಾನುವಾರ ಸಂಜೆ. ಮುಂದಿನ ಸಾಲಿನ ನಡುವೆ ರಾಜಶೇಖರಯ್ಯನವರು ಕೋಟು ಹಾಕಿಕೊಂಡು, ಕೈಕಟ್ಟಿ ಕೂತಿದ್ದರು. ಮಕ್ಕಳು ದಿಬ್ಬಣದವರು. ರತ್ನಮ್ಮ ಮಲ್ಲೇಶ್ವರದ ಛತ್ರದ ಹೆಣ್ಣಿನ ತಾಯಿ. ಗೊತ್ತಿಲ್ಲದ ನೆಂಟರನ್ನು ಕಂಡು ಅವಳು "ಬನ್ನೀ" ಎಂದು ಎಳೆದ ಒಂದೇ ಸ್ವರಕ್ಕೆ ಇಡೀ ಹಾಲು ಬೆನ್ನು ನೆಟ್ಟಗೆ ಮಾಡಿಕೊಂಡಿತು. ಬಾಲ್ಕನಿಯಿಂದ ಅವಳ ಗಿರಾಕಿಗಳು ಶಿಳ್ಳೆ ಹೊಡೆದರು.

ಎರಡನೇ ಅಂಕದಲ್ಲಿ ಆಗಿದ್ದು ಮಾತ್ರ ನನಗಾಗಲಿ ಎಡ್ವಿನ್ ಮೇಷ್ಟ್ರಿಗಾಗಲಿ ಗೊತ್ತಿರಲಿಲ್ಲ. ಸರಿಯಾದ ಛತ್ರ ಹುಡುಕುತ್ತಾ ಮಕ್ಕಳು ವೇದಿಕೆಯಿಂದ ಕೆಳಗಿಳಿದುಬಿಟ್ಟರು. ಸೀದಾ ಅಧ್ಯಕ್ಷರ ಮುಂದೆ ಬಂದು ನಿಂತು, "ಯಜಮಾನ್ರೇ, ಯಜಮಾನ್ರೇ, ಛತ್ರಕ್ಕೆ ದಾರಿ ಯಾವುದು?" ಎಂದು ಹಾಡಿದರು. ರಾಜಶೇಖರಯ್ಯನವರು ಅತ್ತಿತ್ತ ನೋಡಿ, "ನಂಗೇನಪ್ಪ ಗೊತ್ತು," ಎಂದರು.

ಎರಡು ಜಡೆಯ ಒಬ್ಬಳು ಹುಡುಗಿ ಸೊಂಟದ ಮೇಲೆ ಕೈಯಿಟ್ಟು ಹೇಳಿದಳು: "ಅಂಕಲ್, ಹಾಡ್ಕೊಂಡ್ ಹೇಳ್ಬೇಕು."

ಹಾಲಿನಲ್ಲಿ ನಗು. ಬಾಗಿಲ ಹತ್ತಿರ ನಿಂತ ಗಿರಿಜಮ್ಮನವರು ಚಾವಣಿಯ ಫ್ಯಾನನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ಅಧ್ಯಕ್ಷರು ಎದ್ದು ನಿಂತರು. ಹೊರಟೇ ಹೋಗುತ್ತಾರೆ ಎಂದುಕೊಂಡೆ. ಅವರು ಕೋಟಿನ ಗುಂಡಿ ಬಿಚ್ಚಿ, ಗಂಟಲು ಸರಿಮಾಡಿಕೊಂಡು, ಮೋಹನ ರಾಗದಲ್ಲಿ, "ನನಗೂ ಗೊತ್ತಿಲ್ಲಾ, ನಾನೂ ಬರಲಾ?" ಎಂದು ಹಾಡಿದರು. ಶ್ರುತಿ ಒಂದಿಷ್ಟೂ ಅಲುಗಲಿಲ್ಲ. ಮಕ್ಕಳು ಹೋ ಎಂದು ಕೂಗಿ ಅವರ ಕೈ ಹಿಡಿದು ಎಳೆದುಕೊಂಡು ಹೋದರು. ಉಳಿದ ಅಂಕವನ್ನೆಲ್ಲ ಅವರು ದಿಬ್ಬಣದ ಹಿರಿಯರಾಗಿ ವೇದಿಕೆಯ ಮೇಲೆಯೇ ಕಳೆದರು. ಮುಂದಿನ ಸಮಿತಿಯ ಸಭೆಯಲ್ಲಿ ಅವರು ಕೇಳಿದ್ದು ಒಂದೇ ಪ್ರಶ್ನೆ: "ಬರೋ ವರ್ಷ ನಂಗೊಂದು ಪಾತ್ರ ಇರುತ್ತಾ?"

ಕಾರ್ಯಕ್ರಮ ಮುಗಿದು ಜನ ಚದುರುತ್ತಿದ್ದಾಗ ತೆಳ್ಳಗಿನ ಒಬ್ಬ ಅಜ್ಜಿ ಒಂದು ಕೈಯಲ್ಲಿ ನಮ್ಮ ಸಭಾದ ಪತ್ರಿಕೆ ಹಿಡಿದು, ಕೋಲೂರಿಕೊಂಡು ಬಂದು ಗಿರಿಜಮ್ಮನವರ ಎದುರು ನಿಂತರು. ಯಾರೆಂದು ನನಗೆ ಹೇಳಬೇಕಾಗಲಿಲ್ಲ. ಗಿರಿಜಮ್ಮನವರ ಮುಖದಲ್ಲಿ ಅಂಥ ಹೆದರಿಕೆಯನ್ನು ನಾನು ಅದೇ ಮೊದಲು ಕಂಡದ್ದು.

"ಅದು ನೀನೇನೇ ಗಿರಿಜಾ?" ಎಂದರು ಸರೋಜಮ್ಮ.

ಗಿರಿಜಮ್ಮ ಹೌದೆಂದು ತಲೆಯಾಡಿಸಿದರು.

"ಅರವತ್ತು ವರ್ಷದಿಂದ ಆ ದಿನ ಬಂದಾಗೆಲ್ಲ ಗಣಪತಿಗೆ ತುಪ್ಪದ ದೀಪ ಹಚ್ಚಿದೀನಲ್ಲೇ! ನಿಮ್ಮನೆಗೆ ಬಂದು ಹಚ್ಬೇಕಾಗಿತ್ತಾ?"

"ಪರವಾಗಿಲ್ಲ ಬಿಡು," ಎಂದರು ಗಿರಿಜಮ್ಮ. "ಅವನೂ ಸ್ವಲ್ಪ ಕೈ ಹಾಕಿದ. ಆ ಡ್ರೈವರು ದಾರೀಲಿ ಯಾರನ್ನಾದ್ರೂ ಕೇಳಿದ್ರೆ ಕೆಟ್ಟೋಗ್ತಿತ್ತು."

ಇಬ್ಬರೂ ಮೊದಲು ನಕ್ಕರು. ಆಮೇಲೆ ಒಬ್ಬರ ಭುಜದ ಮೇಲೆ ಒಬ್ಬರು ತಲೆಯಿಟ್ಟು ಅತ್ತರು. ನಾನು ಕುರ್ಚಿ ಮಡಿಸುವ ನೆಪದಲ್ಲಿ ದೂರ ಹೋದೆ.

ಹೋದ ವರ್ಷ ಮಳೆಗಾಲದಲ್ಲಿ ಗಿರಿಜಮ್ಮನವರಿಗೆ ಎದೆಯ ತೊಂದರೆ ಶುರುವಾಯಿತು. ಆಸ್ಪತ್ರೆಯಿಂದ ಬಂದ ಮೇಲೆ ಕುಮಾರ ಪಾರ್ಕಿನ ಮಗಳ ಮನೆಯಲ್ಲಿದ್ದರು. ಒಂದು ಶನಿವಾರ ಮಧ್ಯಾಹ್ನ ನೋಡಲು ಹೋದೆ. ದಿಂಬಿಗೆ ಒರಗಿ ಕೂತಿದ್ದರು. ಮಾತಿನ ನಡುವೆ ಉಸಿರಿಗಾಗಿ ನಿಲ್ಲಬೇಕಾಗುತ್ತಿತ್ತು. ನಿಂತಾಗಲೆಲ್ಲ, ಇನ್ನೂ ಮುಗಿದಿಲ್ಲ ಎನ್ನುವಂತೆ ಬೆರಳೆತ್ತುತ್ತಿದ್ದರು.

"ಮಂಗಳವಾರ ನೀನು ಸ್ಕೂಲಿಗೆ ಹೋಗು."

"ನಂಗೆ ಹಾಡೋಕೆ ಬರಲ್ವಲ್ಲ ಗಿರಿಜಮ್ಮ."

"ಹಾಡೋಕೆ ಮಕ್ಕಳಿದಾರೆ. ಕಲಿಸೋಕೆ ಮೇಷ್ಟ್ರಿದಾರೆ. ನೀನು ಕೇಳೋಕೆ ಹೋಗು." ಬೆರಳೆತ್ತಿದರು. ಉಸಿರು ತೆಗೆದುಕೊಂಡರು. "ಕೊನೇ ಬೆಂಚು. ಮುಂದೆ ಕೂರ್ಬೇಡ."

ಭಾನುವಾರ ಮುಂಜಾನೆ ಅವರು ಹೋದರು. ಸೋಮವಾರ ಮಣ್ಣು ಕೊಟ್ಟು ಬಂದೆವು. ಮಂಗಳವಾರ ನಾನು ಶಾಲೆಗೆ ಹೋದೆ. ಮಕ್ಕಳಿಗೆ ಇನ್ನೂ ಯಾರೂ ಹೇಳಿರಲಿಲ್ಲ. ಎರಡು ಜಡೆಯವಳು ತಿರುಗಿ ನೋಡಿ, "ಅಜ್ಜಿ ಬಂದಿಲ್ವಾ ಮಿಸ್?" ಎಂದಳು.

"ಮೊದಲು ಹಾಡು ಮುಗಿಸಿ. ಆಮೇಲೆ ಹೇಳ್ತೀನಿ," ಎಂದೆ.

ಅವರು ಹಾಡಿದರು. ನಾನು ಕೊನೆಯ ಬೆಂಚಿನಲ್ಲಿ ಕೂತು ಕೇಳಿದೆ. ಹಾಡು ಮುಗಿಯಿತು. ಎಲ್ಲರೂ ನನ್ನ ಕಡೆಗೆ ತಿರುಗಿದರು.

"ನಂಗೆ ಕೇಳಿಸ್ಲಿಲ್ಲ," ಎಂದೆ. "ಇನ್ನೊಂದ್ಸಲ."