ಸಿಕ್ಕುತ್ತೆ ಎಂದ ಮೇಷ್ಟ್ರು

ನಮ್ಮ ಸೈನ್ಸ್ ಮೇಷ್ಟ್ರಿಗೆ ಕೊಕ್ಕರೆಯಂತೆ ಉದ್ದನೆಯ ಕತ್ತು. ಅದರ ನಡುವೆ ಗಂಟಲಗಂಟು ನೆಲ್ಲಿಕಾಯಿಯಷ್ಟು ದಪ್ಪಗೆ ಎದ್ದು ಕಾಣುತ್ತಿತ್ತು. ಕ್ಲೋಸ್ ಕೋಟಿನ ಮೇಲಿನ ಗುಂಡಿ ಹಾಕಿದರೆ ಅದು ಒತ್ತುತ್ತದೆ ಎಂದು ಆ ಒಂದು ಗುಂಡಿಯನ್ನು ಸದಾ ಬಿಚ್ಚಿರುತ್ತಿದ್ದರು. ಉತ್ತರ ಹೇಳುವಾಗ ನಾವು ಅವರ ಮುಖ ನೋಡುತ್ತಿರಲಿಲ್ಲ, ಗಂಟಲನ್ನೇ ನೋಡುತ್ತಿದ್ದೆವು. ದಾರಿ ತಪ್ಪಿದೆವೆಂದರೆ ಆ ಗಂಟು ಮೆಲ್ಲಗೆ ಮೇಲೇರಿ ಅಲ್ಲೇ ನಿಂತುಬಿಡುತ್ತಿತ್ತು.

ಐವತ್ತರ ದಶಕದ ಕೊನೆಯ ವರ್ಷಗಳು. ಮೆಡಿಕಲ್, ಇಂಜಿನಿಯರಿಂಗ್ ಸೀಟು ಸಿಕ್ಕಿದವರನ್ನು ಜನ ಬಸ್‌ಸ್ಟ್ಯಾಂಡಿನಲ್ಲಿ ತಿರುಗಿ ನೋಡುತ್ತಿದ್ದ ಕಾಲ. ಯಾವ ಹುಡುಗನಿಗೆ ಸೀಟು ಸಿಕ್ಕುತ್ತದೆ, ಯಾರಿಗಿಲ್ಲ ಎಂದು ಹೊಳೆನರಸೀಪುರದ ನಮ್ಮ ಮೇಷ್ಟ್ರು ಮೊದಲೇ ಹೇಳಿಬಿಡುತ್ತಾರೆ ಎಂಬ ಸುದ್ದಿ ಸುತ್ತಲೂ ಹಬ್ಬಿತ್ತು. ಭಾನುವಾರ ಬಂತೆಂದರೆ ಅರಕಲಗೂಡಿನಿಂದ, ಚನ್ನರಾಯಪಟ್ಟಣದಿಂದ ತಂದೆಯರು ಮಕ್ಕಳನ್ನು ಕರೆದುಕೊಂಡು ಅವರ ಮನೆಯ ಜಗುಲಿಗೆ ಬರುತ್ತಿದ್ದರು. ಮೇಷ್ಟ್ರು ತಂದೆಯನ್ನು ಹೊರಗೆ ಕೂರಿಸಿ, ಹುಡುಗನನ್ನು ಮಾತ್ರ ಒಳಗೆ ಕರೆಯುತ್ತಿದ್ದರು. ಮಾರ್ಕ್ಸ್ ಕೇಳುತ್ತಿದ್ದುದು ಕಟ್ಟಕಡೆಗೆ. ಮೊದಲು ಗೊತ್ತಿಲ್ಲದ ಏನನ್ನೋ ಕೇಳಿ, ಹುಡುಗ ಹೇಗೆ ಒದ್ದಾಡುತ್ತಾನೆ ಎಂದು ನೋಡುತ್ತಿದ್ದರು. ಆಮೇಲೆ ಹೊರಗೆ ಬಂದು ಒಂದೇ ಮಾತು: "ಸಿಕ್ಕುತ್ತೆ" ಅಥವಾ "ಸಿಕ್ಕಲ್ಲ". ಹಣ್ಣು ಕಾಯಿ ತಂದರೆ ಸಿಟ್ಟಾಗುತ್ತಿದ್ದರು.

ಅವರ ಮಾತು ಒಮ್ಮೆ ಸುಳ್ಳಾಯಿತು. ಚನ್ನರಾಯಪಟ್ಟಣದ ಒಬ್ಬ ಹುಡುಗನಿಗೆ ಸಿಕ್ಕಲ್ಲ ಎಂದಿದ್ದರು, ಅವನಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿತು. ಅವನು ಮೈಸೂರುಪಾಕಿನ ಪೊಟ್ಟಣ ಹಿಡಿದು ಸೀದಾ ನಮ್ಮ ಕ್ಲಾಸಿಗೇ ಬಂದ. ಬೇರೆಯವರಾಗಿದ್ದರೆ ಮುಖ ತಿರುಗಿಸುತ್ತಿದ್ದರೋ ಏನೋ. ಮೇಷ್ಟ್ರು ಅವನನ್ನು ಬೋರ್ಡಿನ ಪಕ್ಕ ನಿಲ್ಲಿಸಿಕೊಂಡು ನಮ್ಮೆಲ್ಲರ ಎದುರಿಗೇ ಕೇಳಿದರು:

"ನಾನು ನಿನ್ನಲ್ಲಿ ಏನು ನೋಡದೆ ಬಿಟ್ಟೆ, ಹೇಳಪ್ಪಾ."

ಹುಡುಗ ತಲೆ ಕೆರೆದುಕೊಂಡ. "ನೀವು ಬಿಟ್ಟಿದ್ದೇನಿಲ್ಲ ಸಾ. ನೀವು ಸಿಕ್ಕಲ್ಲ ಅಂದ್ಬುಟ್ರಲ್ಲ, ಆ ಕ್ವಾಪಕ್ಕೆ ಓದ್ದೆ."

ಕ್ಲಾಸೆಲ್ಲ ಗೊಳ್ಳೆಂದಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಮೇಷ್ಟ್ರೇ. ಅಂದಿನಿಂದ ಅವರು "ಸಿಕ್ಕಲ್ಲ" ಎನ್ನುವುದನ್ನು ಬಿಟ್ಟು "ಇವತ್ತಿನ ಮಟ್ಟಿಗೆ ಸಿಕ್ಕಲ್ಲ" ಎನ್ನತೊಡಗಿದರು.

ನಾನು ಹಳೇಕೋಟೆಯವಳು. ಹೊಳೆನರಸೀಪುರದ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಓದುತ್ತಿದ್ದೆ. ಒಂದು ದಿನ ಲ್ಯಾಬಿನಲ್ಲಿ ನೀರು ಕುದಿಸಿ ಉಷ್ಣತೆ ಬರೆಯುವ ಕೆಲಸ ಕೊಟ್ಟರು. ನೀರು ನೂರು ಡಿಗ್ರಿಗೆ ಕುದಿಯುತ್ತದೆ ಎಂದು ಪುಸ್ತಕದಲ್ಲಿತ್ತು. ಆದರೆ ನನ್ನ ಥರ್ಮಾಮೀಟರಿನ ಪಾದರಸ ತೊಂಬತ್ತೇಳರ ಹತ್ತಿರ ಬಂದು ನಿಂತಿತು. ಬೆಂಕಿ ಜೋರು ಮಾಡಿದೆ, ಮೇಲೇಳಲಿಲ್ಲ. ಅಷ್ಟನ್ನೇ ಬರೆದೆ. ಉಳಿದವರೆಲ್ಲ ನೂರು ಎಂದು ಬರೆದಿದ್ದರು.

"ನೀನ್ಯಾಕಮ್ಮ ನೂರು ಅಂತ ಬರೀಲಿಲ್ಲ?" ಎಂದರು ಮೇಷ್ಟ್ರು.

"ಅದು ಅಲ್ಲೀಗಂಟ ಓಗ್ನೇ ಇಲ್ಲ ಸಾ," ಎಂದೆ. ಬೈಯುತ್ತಾರೆಂದು ಕಣ್ಣಲ್ಲಿ ನೀರು ಬಂದಿತ್ತು.

ಅವರು ಬೈಯಲಿಲ್ಲ. ನಮ್ಮ ಸೀಮೆ ಸಮುದ್ರಮಟ್ಟಕ್ಕಿಂತ ಎಷ್ಟೋ ಎತ್ತರದಲ್ಲಿದೆ, ಎತ್ತರಕ್ಕೆ ಹೋದಂತೆ ನೀರು ಬೇಗ ಕುದಿಯುತ್ತದೆ ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸಿದರು. ನನ್ನ ಬಗ್ಗೆ ಒಂದು ಮಾತೂ ಆಡಲಿಲ್ಲ.

ಎಸ್.ಎಸ್.ಎಲ್.ಸಿ. ಮುಗಿಯುವ ಹೊತ್ತಿಗೆ ಕೊರವಂಗಲದ ಕಡೆಯಿಂದ ನನಗೊಂದು ಸಂಬಂಧ ಬಂತು. ಒಳ್ಳೆಯ ಮನೆ, ಹುಡುಗನೂ ಒಳ್ಳೆಯವನೇ. ಅಪ್ಪ ಹೆಚ್ಚುಕಡಿಮೆ ಒಪ್ಪಿದ್ದ. ಚಿಕ್ಕಮ್ಮನಿಂದ ಇದನ್ನು ತಿಳಿದ ಮೇಷ್ಟ್ರು ಮರುದಿನವೇ ಹಳೇಕೋಟೆಗೆ ಬಂದರು. ಅಪ್ಪ ಚಾಪೆ ಹಾಸಿದ. ಮೇಷ್ಟ್ರು ಕೂರುವ ಮೊದಲೇ ಶುರುಮಾಡಿದರು.

"ಗೌಡ್ರೇ, ನಿಮ್ಮ ಮಗಳಿಗೆ ಮೆಡಿಕಲ್ ಸೀಟು ಸಿಕ್ಕುತ್ತೆ. ಪಿ.ಯು.ಸಿ.ಗೆ ಹಾಸನಕ್ಕೆ ಕಳಿಸಿ."

"ಎಣ್ಣುಡ್ಗಿ ಸಾ. ಸೀಟು ಸಿಕ್ದೆ ವಾಪಸ್ ಬಂದ್ರೆ ಆಮ್ಯಾಕೆ ಇವಳ್ನ ಯಾರು ಕೇಳ್ತಾರೆ?"

"ಸಿಕ್ಕುತ್ತೆ ಅಂತಿದೀನಲ್ಲ."

"ಅದೆಂಗೇಳ್ತೀರಿ?"

ಮೇಷ್ಟ್ರು ನೀರು ಕುದಿಸಿದ ಕಥೆ ಹೇಳಿದರು. ಅಪ್ಪ ಗಂಭೀರವಾಗಿ ಕೇಳಿಸಿಕೊಂಡು, "ನೀರು ಕಾಯ್ಸುದ್ರೆ ಡಾಕ್ಟ್ರಾಗ್ಬುಡ್ತಾರಾ ಸಾ? ಅಂಗಿದ್ರೆ ನಮ್ಮನೆಯೋಳು ಇಷ್ಟೊತ್ಗೆ ದೊಡ್ ಡಾಕ್ಟ್ರು," ಎಂದ.

ಮೇಷ್ಟ್ರಿಗೂ ನಗು ಬಂತು. ಆದರೆ ಜಾಗ ಬಿಟ್ಟು ಏಳಲಿಲ್ಲ. "ಉಳಿದ ಮಕ್ಕಳು ಪುಸ್ತಕದಲ್ಲಿದ್ದದ್ದು ಬರೆದ್ರು. ಇವಳು ಕಣ್ಣಿಗೆ ಕಂಡದ್ದು ಬರೆದ್ಳು, ಅದೂ ಹೆದರಿಕೊಂಡೇ ಬರೆದ್ಳು. ರೋಗಿ ಮುಂದೆ ಕೂತಾಗ ಬೇಕಾಗೋದು ಅದೇ ಗೌಡ್ರೇ. ಇವಳಲ್ಲಿ ಕೊರತೆ ಇಲ್ಲ ಅಂತ ನಾನು ಹೇಳಲ್ಲ. ಇಂಗ್ಲಿಷ್ ಸಾಲದು. ಮಾತಾಡುವಾಗ ನೆಲ ನೋಡ್ತಾಳೆ. ಅವೆರಡನ್ನೂ ಸರಿಮಾಡ್ಬಹುದು."

ಆಗ ಒಳಗಿನಿಂದ ಅವ್ವ ಬಾಗಿಲಿಗೆ ಬಂದಳು. ಹೊರಗಿನ ಗಂಡಸರ ಎದುರು ಅವಳು ಮಾತಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. "ಕಳ್ಸಿ. ನಮ್ಮಕ್ಕ ಬಾಣಂತಿ ಸನ್ನೀಲಿ ಓಗ್ವಾಗ ಮುಟ್ ನೋಡಾಕೆ ಒಬ್ಬ ಡಾಕ್ಟ್ರಮ್ಮ ಇರ್ನಿಲ್ಲ," ಎಂದಳು.

ಅಪ್ಪ ಅವ್ವನ ಮುಖ ನೋಡಿದ. "ಓಗವ್ವ," ಎಂದ ನನಗೆ. ಮೇಷ್ಟ್ರ ಕಡೆ ತಿರುಗಿ, "ನಿಮ್ ಮಾತಿನ ಮ್ಯಾಲೆ ಕಳುಸ್ತಾ ಇದೀನಿ ಸಾ," ಎಂದ. ಕೊರವಂಗಲಕ್ಕೆ ಬೇಡವೆಂದು ಹೇಳಿ ಕಳಿಸಿದ.

ಹಾಸನದಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲೇ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ನಾನು ನೆಲಕಚ್ಚಿದೆ. ಅಪ್ಪನಿಗೆ ಮುಖ ತೋರಿಸಲು ಧೈರ್ಯವಿಲ್ಲದೆ ಬಸ್ಸು ಹತ್ತಿ ನೇರ ಮೇಷ್ಟ್ರ ಮನೆಗೆ ಹೋದೆ. "ನಿಮ್ ಲೆಕ್ಕ ತಪ್ಪಾಯ್ತು ಸಾ" ಎಂದು ಉತ್ತರಪತ್ರಿಕೆಗಳನ್ನು ಮುಂದಿಟ್ಟೆ. ಅವರು ಒಂದೊಂದೇ ಹಾಳೆ ತಿರುವಿದರು.

"ನನ್ನ ಲೆಕ್ಕ ಸರಿಯಾಗೇ ಇದೆ. ಇದರಲ್ಲಿ ಸೈನ್ಸ್ ಎಲ್ಲೂ ತಪ್ಪಿಲ್ಲ. ಗೊತ್ತಿದ್ದೂ ಅರ್ಧಕ್ಕೆ ನಿಂತಿದೀಯ. ಪ್ರತಿ ಭಾನುವಾರ ಬಾ. ವಾರದ ಪಾಠಾನ ಇಂಗ್ಲಿಷ್‌ನಲ್ಲಿ ನಮ್ಮ ಮನೆಯವರಿಗೆ ಹೇಳು."

ಅವರ ಮನೆಯವರಿಗೆ, ಅಂದರೆ ನಾವೆಲ್ಲ ಅಮ್ಮನವರು ಎನ್ನುತ್ತಿದ್ದವರಿಗೆ, ಇಂಗ್ಲಿಷಿನ ಒಂದಕ್ಷರವೂ ಬಾರದು. ನಾನು ಬೆಪ್ಪಾಗಿ ನೋಡಿದೆ. "ಅದಕ್ಕೇ ಅವರು. ತಪ್ಪಾದ್ರೆ ನಗಲ್ಲ," ಎಂದರು ಮೇಷ್ಟ್ರು.

ಆ ವರ್ಷದ ಭಾನುವಾರಗಳೆಲ್ಲ ಹಾಗೇ ಕಳೆದವು. ಅಮ್ಮನವರು ಮೊರದಲ್ಲಿ ಅಕ್ಕಿ ಆರಿಸುತ್ತ ಕೂರುವುದು, ನಾನು ಅವರ ಎದುರಿಗೆ ನಿಂತು ಹೃದಯ, ಶ್ವಾಸಕೋಶ, ಎಲೆ, ಬೇರು ಎಂದು ಇಂಗ್ಲಿಷಿನಲ್ಲಿ ಒದರುವುದು. ನಾನು ತಡವರಿಸಿ ನಿಂತರೆ ಅಮ್ಮನವರು ತಲೆಯೆತ್ತಿ "ಹೂಂ, ಆಮೇಲೆ?" ಎನ್ನುವರು, ಕಥೆ ಕೇಳುವವರ ಹಾಗೆ. ಪಕ್ಕದ ಕೋಣೆಯಲ್ಲಿ ಮೇಷ್ಟ್ರು ಕೇಳಿಸಿಕೊಳ್ಳುತ್ತಿದ್ದರು. ಚಳಿಗಾಲ ಕಳೆಯುವ ಹೊತ್ತಿಗೆ ನಾನು ನೆಲ ನೋಡುವುದನ್ನು ಬಿಟ್ಟಿದ್ದೆ.

ಸೀಟಿನ ಸಂದರ್ಶನಕ್ಕೆ ಹೊರಟಾಗ ಅವರು ಹೇಳಿದ್ದು ಇಷ್ಟೇ: "ಗೊತ್ತಿದ್ದರೆ ಗೊತ್ತು ಅನ್ನು, ಇಲ್ಲದಿದ್ದರೆ ಇಲ್ಲ ಅನ್ನು. ಮಧ್ಯದಲ್ಲಿ ನಿಲ್ಲಬೇಡ."

ಮೊದಲ ಎರಡು ಪ್ರಶ್ನೆಗಳಿಗೆ ಗೊತ್ತಿಲ್ಲವೆಂದೆ. ಕೇಳುತ್ತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಗಿಯಿತು ಎಂದುಕೊಂಡೆ. ಆಮೇಲೆ ಕನ್ನಡಕದ ಒಬ್ಬ ಹಿರಿಯ ಡಾಕ್ಟರು, ನಿನ್ನ ಹಳ್ಳಿಯಲ್ಲಿ ಹೆಂಗಸರು ಯಾವ ಕಾಯಿಲೆಗೆ ಹೆಚ್ಚು ಹೆದರುತ್ತಾರೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಬಾಣಂತಿ ಸನ್ನಿ ಎಂದೆ. ಅದರ ಇಂಗ್ಲಿಷ್ ಹೆಸರು ಗೊತ್ತಿಲ್ಲ, ಕಂಡದ್ದು ಹೇಳುತ್ತೇನೆ ಎಂದೆ. ದೊಡ್ಡಮ್ಮನಿಗೆ ಹೆರಿಗೆಯಾದ ಮೇಲೆ ಚಳಿ ಬಂದದ್ದು, ಮೈ ಕೆಂಡವಾದದ್ದು, ಆಮೇಲೆ ಮಗುವಿನ ಗುರುತೂ ಹತ್ತದೆ ಹೋದದ್ದು, ಎಲ್ಲವನ್ನೂ ಅಮ್ಮನವರಿಗೆ ಹೇಳುವಂತೆಯೇ ಹೇಳಿದೆ. ಆ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಪೂರ್ತಿ ಕೇಳಿದರು.

ಸೀಟು ಸಿಕ್ಕಿತು. ಅಷ್ಟರಲ್ಲಿ ಮೇಷ್ಟ್ರಿಗೆ ಚನ್ನರಾಯಪಟ್ಟಣಕ್ಕೆ ವರ್ಗವಾಗಿತ್ತು. ಅಪ್ಪನೂ ನಾನೂ ಅಲ್ಲಿಗೆ ಹೋದೆವು. ಅಪ್ಪ ಕಾಲು ಮುಟ್ಟಲು ಬಗ್ಗಿದರೆ ಮೇಷ್ಟ್ರು ಅವನ ಭುಜ ಹಿಡಿದೆತ್ತಿದರು. "ನಿಮ್ಮ ಚಿಕ್ಕ ಮಗಳೊಬ್ಬಳಿದಾಳಲ್ಲ ಗೌಡ್ರೇ, ಅವಳನ್ನ ಯಾವಾಗ ಕರ್ಕೊಂಡು ಬರ್ತೀರಿ?" ಎಂದರು. ನನಗೆ ಭೇಷ್ ಎನ್ನುವುದನ್ನು ಮರೆತೇಬಿಟ್ಟಿದ್ದರು. ಅವರ ಮಟ್ಟಿಗೆ ನನ್ನ ವಿಷಯ ಯಾವತ್ತೋ ತೀರ್ಮಾನವಾಗಿತ್ತು.

ನಾನು ಓದು ಮುಗಿಸಿ ಹಾಸನದಲ್ಲಿ ಕೆಲಸಕ್ಕೆ ಸೇರಿದ ವರ್ಷ ಮೇಷ್ಟ್ರು ತೀರಿಕೊಂಡರು. ಬೆಳಿಗ್ಗೆ ಕಾಫಿ ಕುಡಿದು ಪೇಪರ್ ಹಿಡಿದವರು ಹಾಗೇ ಒರಗಿದರಂತೆ. ಸುದ್ದಿ ತಿಳಿದು ನಾನು ಚನ್ನರಾಯಪಟ್ಟಣ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಮ್ಮನವರು ನನ್ನ ಕೈ ಹಿಡಿದುಕೊಂಡು, "ನಿಮ್ಮಪ್ಪ ಬೆಳಿಗ್ಗೇನೇ ಬಂದಿದಾರೆ. ಹಿತ್ತಿಲಲ್ಲಿ ಕೂತಿದಾರೆ, ಹೋಗಮ್ಮ," ಎಂದರು.

ನನಗೆ ಆಶ್ಚರ್ಯವಾಯಿತು. ಅಪ್ಪನಿಗೆ ಅಷ್ಟು ಬೇಗ ತಿಳಿದದ್ದು ಹೇಗೆ? ಅಮ್ಮನವರೇ ಹೇಳಿದರು. ಇಷ್ಟು ವರ್ಷವೂ ಅಪ್ಪ ಆಗಾಗ ಅಲ್ಲಿಗೆ ಬರುತ್ತಿದ್ದನಂತೆ. ಪ್ರತಿ ಸಲವೂ ಹಳೇಕೋಟೆಯ ಯಾರದಾದರೂ ಒಂದು ಮಗುವನ್ನು ಜೊತೆಗೆ ಕರೆತರುತ್ತಿದ್ದನಂತೆ. ಅದನ್ನು ಮೇಷ್ಟ್ರ ಮುಂದೆ ಕೂರಿಸಿ, ತಾನು ಹೊರಗೆ ಜಗುಲಿಯಲ್ಲಿ ಕಾಯುತ್ತಿದ್ದನಂತೆ. ಆ ದಿನವೂ ಒಂದು ಹುಡುಗಿಯನ್ನು ಕರೆದುಕೊಂಡೇ ಬಂದು, ಬಾಗಿಲಲ್ಲಿ ಜನ ನೆರೆದಿದ್ದು ಕಂಡು ನಿಂತುಬಿಟ್ಟನಂತೆ.

ಹಿತ್ತಿಲಿಗೆ ಹೋದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅಪ್ಪ ಕೂತಿದ್ದ. ಪಕ್ಕದಲ್ಲಿ ಎರಡು ಜಡೆಯ ಹುಡುಗಿ, ನಮ್ಮ ಬೀದಿಯ ಬಡಗಿಯ ಮಗಳು. ಅಪ್ಪ ಅಷ್ಟು ಅತ್ತದ್ದನ್ನು ನಾನು ಕಂಡಿರಲಿಲ್ಲ.

"ಇನ್ಮ್ಯಾಕೆ ಯಾರ್ನ ಕೇಳಾದವ್ವ?" ಎಂದ.

ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಸೆರಗಿನಿಂದ ಕಣ್ಣೊರೆಸಿಕೊಂಡು ಅವಳ ಎದುರಿಗೆ ಕುಕ್ಕರಗಾಲಲ್ಲಿ ಕೂತೆ.

"ಅಪ್ಪ, ನೀನೊಸಿ ಜಗುಲೀಲಿರು," ಎಂದೆ.