ನೂಲಿಲ್ಲದ ಮಗ್ಗ

ಬಟ್ಟೆ ಗಿರಣಿಯಲ್ಲಿ ಎಲ್ಲರೂ ಅವರನ್ನು ಲಾಳಿ ಮಾವ ಎಂದೇ ಕರೆಯುತ್ತಿದ್ದರು. ಮಗ್ಗದಲ್ಲಿ ನೂಲು ಹೊತ್ತು ಅತ್ತಿತ್ತ ಓಡುವ ಲಾಳಿಯಂತೆ ಅವರ ಕಾಲೂ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಗಿರಣಿ ಎದ್ದದ್ದು ಅವರಪ್ಪನ ಈರುಳ್ಳಿ ಹೊಲದ ಮೇಲೆ. ಅಪ್ಪ ಉತ್ತ ನೆಲದಲ್ಲೇ ಮಗ ಬಟ್ಟೆ ನೇಯ್ದರು. ಕೊನೆಗೊಂದು ದಿನ ಗಿರಣಿಗೂ ಬೀಗ ಬಿತ್ತು. ಮಾಲೀಕರು ಕೊನೆಯ ಸಂಬಳದ ಬದಲು ತಲೆಗೊಂದು ಮೂಟೆ ನೂಲು ಹೊರಿಸಿ ಕೈತೊಳೆದುಕೊಂಡರು.

"ಇದನ್ನೇನು ಬೇಯಿಸಿ ತಿನ್ನೋದಾ?" ಎಂದು ಮಾವ ಮನೆಯಲ್ಲಿ ಹಾರಾಡಿದರು. ಅವರ ಹೆಂಡತಿ, ಎಲ್ಲರ ಬಾಯಲ್ಲಿ ಅತ್ತೆ, ಅದೇ ಗಿರಣಿಯಲ್ಲಿ ಲಾಳಿಯೊಳಗೆ ಕೂರುವ ಕಡ್ಡಿಗಳಿಗೆ ನೂಲು ಸುತ್ತುತ್ತಿದ್ದವರು. ಅವರು ಇಬ್ಬರ ಮೂಟೆಗಳನ್ನೂ ಅಟ್ಟಕ್ಕೇರಿಸಿದರು.

ವರ್ಷಗಳು ಉರುಳಿದವು. ಗಿರಣಿಯನ್ನು ಕೊಂಡ ಹೊಸಬರು ಮುಕ್ಕಾಲು ಪಾಲು ಹೋಟೆಲು, ಅಂಗಡಿ ಮಾಡಿದರು. ಒಂದು ಮೂಲೆಯಲ್ಲಿ ಒಂದೇ ಮಗ್ಗ ಉಳಿಸಿ, ಸುತ್ತ ಹಗ್ಗ ಕಟ್ಟಿ, ನೋಡಲು ಟಿಕೆಟ್ ಇಟ್ಟರು. ಓಡಿಸುವವರನ್ನು ಹುಡುಕಿಕೊಂಡು ಮಾವನ ಮನೆಗೇ ಬಂದರು. ಮಾವನಿಗೆ ಸ್ವರ್ಗಕ್ಕೆ ಮೂರೇ ಗೇಣು.

ಮಗಳಿಗೆ ಸರ್ಕಾರಿ ಅಂಕಿಅಂಶ ಕಚೇರಿಯಲ್ಲಿ ಕೆಲಸ. ದೇಶದ ಆದಾಯದಲ್ಲಿ ಬೇಸಾಯದ್ದೆಷ್ಟು, ಕೈಗಾರಿಕೆಯದ್ದೆಷ್ಟು, ಸೇವೆಯದ್ದೆಷ್ಟು ಎಂದು ದುಂಡನೆಯ ಚಿತ್ರ ಬರೆದು ಹೋಳು ಮಾಡುವುದೇ ಅವಳ ಕಸುಬು.

"ತಾತ ಬೇಸಾಯದ ಹೋಳಲ್ಲಿದ್ರು. ಅದು ಸಣ್ಣದಾಗ್ತಾ ಬಂತು. ನೀನು ಕೈಗಾರಿಕೆಯದ್ರಲ್ಲಿದ್ದೆ. ಈಗ ಸೇವೆಗೆ ಬಂದೆ ಅಪ್ಪಾ, ಅದೇ ಈಗ ಎಲ್ಲಕ್ಕಿಂತ ದೊಡ್ಡ ಹೋಳು."

"ಅದೇ ಮಗ್ಗ, ಅದೇ ಕೈ. ನಾನೆಲ್ಲಿಗೂ ಹೋಗಿಲ್ವಲ್ಲೇ!"

"ಜನ ದುಡ್ಡು ಕೊಡೋದು ಬಟ್ಟೆಗಲ್ಲ, ನಿನ್ನ ನೋಡೋಕೆ."

"ನನ್ನ ಮುಖ ನೋಡೋಕೆ ನಿಮ್ಮಮ್ಮನೂ ದುಡ್ಡು ಕೊಡಲ್ಲ," ಎಂದು ಮಾವ ನಕ್ಕರು.

ಆ ನಗು ಬಹಳ ದಿನ ಬಾಳಲಿಲ್ಲ. ಅಲ್ಲಿನ ಮೇಲ್ವಿಚಾರಕಿ, ಒಳ್ಳೆಯ ಹುಡುಗಿಯೇ, ಒಂದು ಬೆಳಿಗ್ಗೆ ಬಂದು ಹೇಳಿದಳು: "ಮಾವ, ನೂಲಿನ ಖರ್ಚು ಮೇಲಿನವರಿಗೆ ಇಷ್ಟ ಇಲ್ಲ. ಇನ್ಮೇಲೆ ನೂಲಿಲ್ದೆ ಓಡಿಸಿ. ಜನಕ್ಕೆ ಸದ್ದು ಕೇಳಿಸಿದ್ರೆ ಸಾಕು."

ಲಾಳಿ ಬರಿಹೊಟ್ಟೆಯಲ್ಲಿ ಓಡಿತು. ಜನ ಚಪ್ಪಾಳೆ ತಟ್ಟಿದರು. ನೂಲಿಲ್ಲವೆಂದು ಒಬ್ಬರಿಗೂ ಗೊತ್ತಾಗಲಿಲ್ಲ, ಮಾವನ ಎದೆಗೆ ನಾಟಿದ್ದೂ ಅದೇ. ಕೆಲಸ ಬಿಟ್ಟರೆ ಈ ಜನ್ಮದಲ್ಲಿ ಇನ್ನು ಮಗ್ಗ ಮುಟ್ಟುವಂತಿಲ್ಲ, ಬಿಡದಿದ್ದರೆ ದಿನವೂ ಇದೇ ನಾಟಕ. ಮನೆಗೆ ಬಂದರೆ ಊಟ ಸೇರುತ್ತಿರಲಿಲ್ಲ. ಏನಾಯಿತೆಂದು ಕೇಳಿದರೆ ಸಿಡುಕು.

ಕೇಳಿ ಕೇಳಿ ಸಾಕಾಗಿ ಅತ್ತೆ ಒಂದು ಮಧ್ಯಾಹ್ನ ಟಿಕೆಟ್ ಕೊಂಡು ಹಗ್ಗದಾಚೆ ಬಂದು ನಿಂತರು. ಮಾವನ ಮುಖ ನೋಡಲಿಲ್ಲ, ಲಾಳಿಯನ್ನೇ ನೋಡಿದರು. ಮಾವನ ಕೈ ತಾನಾಗಿ ಮಗ್ಗ ನಿಲ್ಲಿಸಿತು. ಆಟ ಮುಗಿಯಿತೆಂದುಕೊಂಡು ಜನ ಚಪ್ಪಾಳೆ ತಟ್ಟಿ ಹೊರಟರು.

"ಎಷ್ಟು ದಿನದಿಂದ ಹೀಗೆ?"

ಮೇಲ್ವಿಚಾರಕಿ ಹೇಳಿದ್ದನ್ನು ಮಾವ ತಲೆ ತಗ್ಗಿಸಿಯೇ ಒಪ್ಪಿಸಿದರು. ಗಿರಣಿ ಮುಚ್ಚಿದ ದಿನವೂ ಅವರಿಗೆ ಇಷ್ಟು ನಾಚಿಕೆಯಾಗಿರಲಿಲ್ಲ.

ಮರುದಿನ ಅತ್ತೆ ಅಟ್ಟದ ಮೇಲಿನ ಮೂಟೆಯೊಂದನ್ನು ಸೊಂಟಕ್ಕೇರಿಸಿಕೊಂಡು ನೇರ ಮೇಲ್ವಿಚಾರಕಿಯ ಮುಂದೆ ಇಳಿಸಿದರು.

ಹುಡುಗಿ ಕಕ್ಕಾಬಿಕ್ಕಿಯಾದಳು. "ಇದನ್ನ ಯಾವ ಲೆಕ್ಕಕ್ಕೆ ಬರೀಲಿ ಅತ್ತೆ?"

"ಯಾವುದಕ್ಕೂ ಬರೀಬೇಡಮ್ಮ. ನೂಲು ನಮ್ದು, ಬಟ್ಟೇನೂ ನಮ್ದು. ಸದ್ದು ನೀವಿಟ್ಕೊಳ್ಳಿ."

ಹುಡುಗಿ ನಗುತ್ತಾ ಒಪ್ಪಿಕೊಂಡಳು. ಅಂದಿನಿಂದ ಅತ್ತೆ ಮನೆಯಲ್ಲಿ ಕಡ್ಡಿಗಳಿಗೆ ನೂಲು ಸುತ್ತಿ ಕೊಡುತ್ತಿದ್ದರು. ಮಾವ ಮೊದಲಿನಂತೆ ಎರಡೆರಡು ಸಲ ಬಡಿಸಿಕೊಂಡು ಉಣ್ಣತೊಡಗಿದರು.

ಮುಂದಿನ ಭಾನುವಾರ ಮಗಳು ಬಂದಾಗ ಅಡುಗೆಮನೆಯ ಮೊಳೆಯಲ್ಲಿ ಹೊಸ ಟವೆಲು ನೇತಾಡುತ್ತಿತ್ತು. ಕೈತೊಳೆಯುತ್ತಿದ್ದವಳಿಗೆ ನೋಡಿದ ಕೂಡಲೇ ಅದು ಅಪ್ಪ ನೇಯ್ದದ್ದೆಂದು ಅರ್ಥವಾಯಿತು.

"ಅಪ್ಪಾ, ಮತ್ತೆ ಕೈಗಾರಿಕೆಗೆ ಬಂದ್ಯಾ?"

"ಹೌದಾ? ಹಾಗಾದ್ರೆ ನಿನ್ನ ಚಿತ್ರದಲ್ಲಿ ನನ್ನ ಹೋಳು ಎಷ್ಟು ದಪ್ಪ?"

ಅಪ್ಪನಿಗೆ ಸುಳ್ಳು ಹೇಳಲು ಮಗಳಿಗೆ ಬಾಯಿ ಬರಲಿಲ್ಲ. "ಇಷ್ಟು ಚಿಕ್ಕದು ಲೆಕ್ಕಕ್ಕೆ ಸಿಗಲ್ಲಪ್ಪಾ."

"ಸಿಗದಿದ್ರೆ ಬಿಡು," ಎಂದು ಮಾವ ಟವೆಲು ತೆಗೆದು ಅವಳತ್ತ ಚಾಚಿದರು. "ಕೈ ಒದ್ದೆ ಇದೆ, ಒರೆಸ್ಕೋ."

ಅವಳು ಒಂದೊಂದೇ ಬೆರಳು ಒರೆಸಿಕೊಂಡು ಮುಗಿಸುವವರೆಗೂ ಮಾವ ನಿಂತಲ್ಲೇ ನಿಂತು ನೋಡಿದರು.